ಉದ್ಯೋಗದ ಮಾತು: ಒಪ್ಪಿಸದ ಕೆಲಸದ ಸಾಗಣೆ

ನಮ್ಮ ಸದಸ್ಯೆಯೊಬ್ಬರ ಕಚೇರಿಯವರು ಸಬ್‌ವರ್ಷನ್ನನ್ನು ಬಿಟ್ಟು ಗಿಟ್‌ಗೆ ಹೋಗುವುದೆಂದು ನಿಶ್ಚಯಿಸಿದರು. ಆಕೆಯ ಮೂರು ವಾರದ ಕೆಲಸ ಇನ್ನೂ ಕಮಿಟ್ ಆಗಿರಲಿಲ್ಲ. ಅದು ತಾನಾಗಿ ಹೊಸದಕ್ಕೆ ಬರುವುದೇ ಎಂದು ಕೇಳಿ ಬರೆದಿದ್ದರು. ಬಾರದು ಎಂದು ಆಗಲೇ ತಿಳಿಸಿದೆವು. ಈ ತೊಡಕು ಒಬ್ಬರದಲ್ಲವಾದ್ದರಿಂದ ಉಪಾಯವನ್ನು ಇಲ್ಲಿಯೂ ಹೇಳುತ್ತೇವೆ.

ಸಬ್‌ವರ್ಷನ್‌ನ 1.0 ಆವೃತ್ತಿ ಬಂದದ್ದು 2004ರಲ್ಲಿ. ಲೈನಸ್ ಟೊರ್ವಾಲ್ಡ್ಸ್ ಅವರು ಗಿಟ್ ಆರಂಭಿಸಿದ್ದು 2005ರಲ್ಲಿ. ವಯಸ್ಸಿನಲ್ಲಿ ಅಂತರ ಅಲ್ಪ, ಸ್ವಭಾವದಲ್ಲಿ ಬಹಳ. ಸಬ್‌ವರ್ಷನ್‌ನಲ್ಲಿ ಖಾತೆ ಪುಸ್ತಕವೆಲ್ಲ ಒಂದೇ ಸರ್ವರಿನಲ್ಲಿರುತ್ತದೆ. ವರ್ಗಾವಣೆ ಮಾಡುವವರು ಆ ಪುಸ್ತಕವನ್ನಷ್ಟೇ ನಕಲು ಮಾಡುತ್ತಾರೆ. ನಮ್ಮ ಮೇಜಿನ ಮೇಲಿರುವ ಕಚ್ಚಾ ಚೀಟಿಗಳ ಸುದ್ದಿ ಅವರಿಗೆ ಹೇಗೆ ತಿಳಿಯಬೇಕು?

ಕೋಶವನ್ನೇ ಎತ್ತಿ ಗಿಟ್‌ನ ಕೋಶದ ಮೇಲೆ ಸುರಿದರಾಯಿತು ಎನ್ನುವವರುಂಟು. ನಮಗೆ ಅದು ಹಿಡಿಸದು. ಅಷ್ಟರಲ್ಲಿ ಸಹೋದ್ಯೋಗಿಗಳು ಅಲ್ಲಿ ಏನಾದರೂ ತಿದ್ದಿದ್ದರೆ ಅದೆಲ್ಲ ನಮ್ಮ ಹಳೆಯ ಪ್ರತಿಯಡಿ ಮುಚ್ಚಿಹೋಗುತ್ತದೆ. ವ್ಯತ್ಯಾಸವನ್ನು ಮಾತ್ರ ಒಯ್ಯುವುದೇ ಲೇಸು.

ಮೊದಲು ಎಸ್‌ವಿಎನ್ ಸ್ಟೇಟಸ್ ಕೊಟ್ಟು ನೋಡಬೇಕು. ಪ್ರಶ್ನಾರ್ಥಕ ಚಿಹ್ನೆ ಇರುವ ಕಡತಗಳು ಹೊಸವು. ಸಬ್‌ವರ್ಷನ್‌ಗೆ ಅವುಗಳ ಪರಿಚಯವಿಲ್ಲ. ಬೇಕಾದವನ್ನು ಎಸ್‌ವಿಎನ್ ಆಡ್‌ನಿಂದ ಸೇರಿಸದಿದ್ದರೆ ಅವು ವ್ಯತ್ಯಾಸದ ಪಟ್ಟಿಗೆ ಬರುವುದೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಳಿಕ, ವರ್ಗಾವಣೆ ಯಾವ ರಿವಿಷನ್ನಿನ ತನಕ ಆಗಿದೆಯೆಂದು ಕೇಳಿ ತಿಳಿದು, ನಮ್ಮ ಪ್ರತಿಯನ್ನು ಅಲ್ಲಿಗೆ ಅಪ್‌ಡೇಟ್ ಮಾಡಿ, ಘರ್ಷಣೆಗಳಿದ್ದರೆ ಬಗೆಹರಿಸಿಕೊಳ್ಳಬೇಕು. ಆಮೇಲೆ ಮೂಲಕೋಶದಲ್ಲಿ ನಿಂತು ಎಸ್‌ವಿಎನ್ ಡಿಫ್‌ನ ಫಲವನ್ನು ಒಂದು ಕಡತಕ್ಕೆ ಬರೆಸಬೇಕು.

ಗಿಟ್‌ನ ಕಡೆ ಹೊಸ ಶಾಖೆಯೊಂದನ್ನು ತೆರೆದು ಗಿಟ್ ಅಪ್ಲೈ ಎನ್ನಬೇಕು. ಇಲ್ಲೊಂದು ಸೂಕ್ಷ್ಮವಿದೆ. ಗಿಟ್ ತನ್ನದೇ ಡಿಫ್‌ಗಳಲ್ಲಿ ಕಡತದ ದಾರಿಗೆ ಮುಂದೊಂದು ಅಕ್ಷರವನ್ನೂ ಓರೆಗೆರೆಯನ್ನೂ ಅಂಟಿಸುತ್ತದೆ. ಓದುವಾಗ ಆ ಮೊದಲ ಮೆಟ್ಟಿಲನ್ನು ಕಳೆಯುತ್ತದೆ. ಸಬ್‌ವರ್ಷನ್ ಹಾಗೆ ಅಂಟಿಸುವುದಿಲ್ಲ. ಆದುದರಿಂದ ಗಿಟ್ ನಿಜವಾದ ಕೋಶದ ಹೆಸರನ್ನೇ ಕಳೆದು, ಕಡತ ಸಿಕ್ಕಲಿಲ್ಲವೆನ್ನುತ್ತದೆ. ಪಿ-ಸೊನ್ನೆ ಎಂಬ ಆಯ್ಕೆ ಕೊಟ್ಟರೆ ಸರಿಹೋಗುವುದು. ಚೆಕ್ ಎಂಬ ಆಯ್ಕೆಯಿಂದ ಮುಂಚೆಯೇ ಪರೀಕ್ಷಿಸಲೂ ಬಹುದು. ಒಂದು ತುಂಡು ಹೊಂದದಿದ್ದರೂ ಗಿಟ್ ಪೂರ್ತಿ ಕಟ್ಟನ್ನೇ ನಿರಾಕರಿಸುತ್ತದೆ. ಇದು ಒಳ್ಳೆಯದೇ, ಅರೆಬರೆ ಅಂಟಿಸಿ ಹೋಗುವುದಿಲ್ಲ. ನಿರಾಕರಣೆಗೆ ಕಾರಣ ಅನೇಕ ವೇಳೆ ಸಾಲಿನ ಕೊನೆಯ ಗುರುತು: ವಿಂಡೋಸ್‌ನದು ಒಂದು ಬಗೆ, ಲೀನಕ್ಸ್‌ನದು ಇನ್ನೊಂದು.

ಚಿತ್ರಗಳ ವಿಷಯದಲ್ಲಿ ಎಸ್‌ವಿಎನ್ ಡಿಫ್ ಕೈಚೆಲ್ಲುತ್ತದೆ. ಅವನ್ನು ಕೈಯಾರೆ ನಕಲು ಮಾಡಬೇಕು. ಹೊಸ ಕಡತಗಳಿಗೆ ಗಿಟ್ ಆಡ್ ಮಾಡುವುದನ್ನು ಮರೆಯಲಾಗದು. ಹೊಸ ಕಡೆ ಎಲ್ಲವೂ ಓಡುವ ತನಕ ಹಳೆಯ ಕೋಶ ಇದ್ದಲ್ಲೇ ಇರಲಿ. ಸರ್ವರ್ ಮುಚ್ಚಿದರೂ ಅದರೊಳಗಿನ ಕಡತಗಳಿಗೆ ಏನೂ ಆಗುವುದಿಲ್ಲ.