ಬರೆದಿಡದ ಸಂವಿಧಾನ ಯಾರಿಗೆ ಅನುಕೂಲ?

'ಬ್ರಿಟನ್ನಿಗೆ ಲಿಖಿತ ಸಂವಿಧಾನವೇ ಇಲ್ಲ, ಆದರೂ ಶತಮಾನಗಳಿಂದ ಚೆನ್ನಾಗಿ ನಡೆದುಕೊಂಡು ಬಂದಿದೆ. ಜನ ಸರಿ ಇದ್ದರೆ ಅಷ್ಟು ದಪ್ಪ ಪುಸ್ತಕ ಯಾಕೆ ಬೇಕು?' ಓದುಬರಹ ಬಲ್ಲವರ ನಡುವೆ ಆಗಾಗ ಕೇಳಿಬರುವ ಮಾತಿದು. ಇದರ ಮೊದಲರ್ಧ ತಪ್ಪು, ಉಳಿದರ್ಧ ಅಪಾಯಕಾರಿ.

ಬ್ರಿಟನ್ನಿನ ಸಂವಿಧಾನದ ಬಹುಭಾಗ ಬರೆದದ್ದೇ. ಆದರೆ ಅದು ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. 1689ರ ಬಿಲ್ ಆಫ್ ರೈಟ್ಸ್, 1911 ಮತ್ತು 1949ರ ಪಾರ್ಲಿಮೆಂಟ್ ಕಾಯ್ದೆಗಳು, 1998ರ ಮಾನವ ಹಕ್ಕುಗಳ ಕಾಯ್ದೆ ಎಲ್ಲವೂ ಅಚ್ಚಾದ ಶಾಸನಗಳು. ಎರಡನೆಯ ಮೂಲ ನ್ಯಾಯಾಲಯದ ತೀರ್ಪುಗಳು. ಕಾನೂನಿನ ಆಧಾರ ತೋರಿಸದೆ ಸರ್ಕಾರದವರು ಯಾರ ಮನೆಗೂ ನುಗ್ಗುವಂತಿಲ್ಲ ಎಂದು 1765ರ ಎಂಟಿಕ್ ಪ್ರಕರಣದಲ್ಲಿ ಹೇಳಿದ್ದು ಇಂದಿಗೂ ನಡೆಯುತ್ತದೆ. ಮೂರನೆಯದು, ದೊರೆಯಿಂದ ಮಂತ್ರಿಗಳ ಕೈಗೆ ಬಂದ ವಿಶೇಷಾಧಿಕಾರ. ಕೊನೆಯದು ಸಂಪ್ರದಾಯ. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ 1708ರ ನಂತರ ಯಾವ ದೊರೆಯೂ ಅಂಕಿತ ನಿರಾಕರಿಸಿಲ್ಲ. ನಿರಾಕರಿಸಬಾರದೆಂದು ಯಾವ ಕಾನೂನೂ ಹೇಳಿಲ್ಲ.

ನಮ್ಮವರು ಮೆಚ್ಚುವುದು ಈ ಕೊನೆಯದನ್ನೇ. ಸಂಪ್ರದಾಯವನ್ನು ಕಾಯುವುದು ನಾಲ್ಕು ಜನರೆದುರಿನ ನಾಚಿಕೆ. ನಾಚಿಕೆ ಬಿಟ್ಟವನ ಮುಂದೆ ಅದು ಏನು ಮಾಡೀತು? ಹಣಕಾಸಿನ ವಿಷಯದಲ್ಲಿ ಕೆಳಮನೆಯ ಮಾತೇ ಕೊನೆ ಎಂಬ ಸಂಪ್ರದಾಯವನ್ನು 1909ರಲ್ಲಿ ಲಾರ್ಡ್‌ಗಳು ಮುರಿದು ಬಜೆಟ್ಟನ್ನೇ ತಿರಸ್ಕರಿಸಿದರು. ಕಡೆಗೆ 1911ರಲ್ಲಿ ಅದನ್ನು ಕಾಯ್ದೆಯಾಗಿ ಬರೆಯಲೇಬೇಕಾಯಿತು.

2019ರಲ್ಲಿ ಬೋರಿಸ್ ಜಾನ್ಸನ್ ಐದು ವಾರ ಪಾರ್ಲಿಮೆಂಟಿಗೆ ಬೀಗ ಹಾಕಿಸಲು ಹೊರಟಾಗ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಅದು ಅಸಿಂಧು ಎಂದರಲ್ಲ, ಪುಸ್ತಕ ಇಲ್ಲದೆಯೂ ಕೆಲಸ ಆಯಿತಲ್ಲ ಎಂದು ಕೇಳಬಹುದು. ನಿಜ. ಆದರೆ ಕೋರ್ಟು ಅಲ್ಲಿ ತಡೆದದ್ದು ಪ್ರಧಾನಿಯನ್ನು. ಪಾರ್ಲಿಮೆಂಟೇ ತಪ್ಪಿ ನಡೆದರೆ ಅದರ ಕಾಯ್ದೆಯನ್ನು ರದ್ದುಮಾಡುವ ಅಧಿಕಾರ ಬ್ರಿಟನ್ನಿನ ಯಾವ ಕೋರ್ಟಿಗೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರಿಲ್ಲ.

ಹಾಗೆ ಮೇಯ್ದದ್ದೂ ಉಂಟು. 1963ರಲ್ಲಿ ಕೀನ್ಯಾ ಸ್ವತಂತ್ರವಾದಾಗ ಅಲ್ಲಿನ ಭಾರತೀಯ ಮೂಲದ ಹಲವರು ಬ್ರಿಟಿಷ್ ಪೌರತ್ವವನ್ನೇ ಉಳಿಸಿಕೊಂಡರು. ಕೀನ್ಯಾದಲ್ಲಿ ಕೆಲಸ, ವ್ಯಾಪಾರಕ್ಕೆ ಕುತ್ತು ಬಂದಾಗ ಆ ಪಾಸ್‌ಪೋರ್ಟ್ ಹಿಡಿದು ಲಂಡನ್ನಿನ ಕಡೆ ಹೊರಟರು. 1968ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮೂರೇ ದಿನದಲ್ಲಿ ಒಂದು ಕಾಯ್ದೆ ಮಾಡಿ, ಅಪ್ಪ ಅಮ್ಮನದೋ ಅಜ್ಜ ಅಜ್ಜಿಯದೋ ಬ್ರಿಟನ್ನಿನ ನಂಟು ತೋರಿಸಲಾಗದ ತನ್ನ ಪ್ರಜೆಗಳಿಗೇ ಬಾಗಿಲು ಮುಚ್ಚಿತು. 1973ರಲ್ಲಿ ಇದು ಜನಾಂಗ ಭೇದ ಎಂದು ಹೇಳಿದ್ದು ಯುರೋಪಿನ ಮಾನವ ಹಕ್ಕುಗಳ ಆಯೋಗ. ಅದರ ಕೈಯಲ್ಲಿ ಬರೆದಿಟ್ಟ ಒಡಂಬಡಿಕೆಯೊಂದಿತ್ತು.

ಅದೇ ವರ್ಷ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದಿತು. 13 ನ್ಯಾಯಮೂರ್ತಿಗಳಲ್ಲಿ ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಕೂದಲೆಳೆಯ ಅಂತರದಲ್ಲಿ ಉಳಿದ ಮಾತು ಅದು. ಎರಡೇ ವರ್ಷದಲ್ಲಿ ತುರ್ತು ಪರಿಸ್ಥಿತಿಯೂ ಬಂತು. ಪುಸ್ತಕವೊಂದೇ ಕಾಯುತ್ತದೆ ಎಂದು ಯಾರೂ ನೆಮ್ಮದಿಯಿಂದ ಮಲಗುವಂತಿಲ್ಲ.

ಅಂಬೇಡ್ಕರ್ ಅವರಿಗೆ ಇದು ಗೊತ್ತಿತ್ತು. ಸಾಂವಿಧಾನಿಕ ನೈತಿಕತೆ ತಾನಾಗಿ ಹುಟ್ಟುವ ಗುಣವಲ್ಲ, ಬೆಳೆಸಿಕೊಳ್ಳಬೇಕಾದದ್ದು, ನಮ್ಮ ಜನ ಅದನ್ನಿನ್ನೂ ಕಲಿಯಬೇಕಿದೆ ಎಂದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದರು. ಆಡಳಿತದ ಸಣ್ಣಪುಟ್ಟ ವಿವರಗಳನ್ನೂ ಸಂವಿಧಾನದಲ್ಲೇ ಬರೆದಿಡಲು ಅವರು ಕೊಟ್ಟ ಕಾರಣ ಅದೇ. ಸಂಪ್ರದಾಯ ಯಾರ ಪರ ಇರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚೌಡರ್ ಕೆರೆಯ ನೀರು ಮುಟ್ಟಬಾರದೆಂದು ತಡೆದದ್ದೂ ಸಂಪ್ರದಾಯವೇ.

ಊರು ಬಿಟ್ಟು ಬಂದ ನಮಗಂತೂ ಇದು ತಿಳಿಯಬೇಕು. ಮುಂಬೈ, ಪುಣೆ, ಚೆನ್ನೈನವರ ಔದಾರ್ಯ ದೊಡ್ಡದೇ ಇರಬಹುದು. ಆದರೆ ಚುನಾವಣೆ ಬಂದಾಗ, ಗಲಾಟೆ ಎದ್ದಾಗ ಆ ಔದಾರ್ಯ ಎಷ್ಟು ಬೇಗ ಬತ್ತುತ್ತದೆ ಎಂದೂ ಕಂಡಿದ್ದೇವೆ. ನಾವು ಇಲ್ಲಿ ಬಾಳುವುದು 19ನೇ ವಿಧಿಯ ಬಲದಿಂದ. ಬದುಕು ಹುಡುಕಿ ಬೆಂಗಳೂರಿಗೆ ಬಂದವರಿಗೂ ಅದೇ ವಿಧಿ, ಅದೇ ಹಕ್ಕು. 'ಪುಸ್ತಕ ಯಾಕೆ?' ಎಂದು ಕೇಳುವವರು ಯಾವತ್ತೂ ಯಾರೆದುರೂ ತಮ್ಮ ಹಕ್ಕನ್ನು ತೋರಿಸಿ ನಿಲ್ಲಬೇಕಾಗಿ ಬಂದವರಲ್ಲ.