ಗುಳಿಗಿಗೆ ಡೋಸು ಉಂಟು, ವಾಕಿಂಗಿಗೆ ಇಲ್ಲ!

ನಮ್ಮ ಕುಡಚಿ ಕಡೆ ಅರವತ್ತು ದಾಟಿದ, ಸ್ವಲ್ಪ ಮೈ ಬಂದಿರುವ ಯಾರದ್ದೇ ಆಗಲಿ, ದವಾಖಾನಿ ಚೀಟಿ ತೆಗೆದು ನೋಡಿ. ಬಿಪಿಗೊಂದು, ಶುಗರಿಗೊಂದು, ಮೊಣಕಾಲ ನೋವಿಗೊಂದು ಗುಳಿಗಿ ಇರುತ್ತದೆ. ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ, ಎಷ್ಟು ದಿನ, ಎಲ್ಲ ಬರೆದಿರುತ್ತದೆ. ಎದ್ದು ಬರುವಾಗ ಮಾತ್ರ ಡಾಕ್ಟರು ಬಾಯಿಮಾತಿನಲ್ಲಿ "ತೂಕ ಇಳಸ್ರಿ, ವಾಕಿಂಗ್ ಮಾಡ್ರಿ" ಅಂದುಬಿಡುತ್ತಾರೆ. ಎಷ್ಟು ಹೊತ್ತು? ವಾರಕ್ಕೆ ಎಷ್ಟು ದಿನ? ಎಷ್ಟು ಜೋರಾಗಿ? ಮೊಣಕಾಲು ನೋಯುತ್ತಿದ್ದರೂ ನಡೆಯಬೇಕೋ ಬೇಡವೋ? ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಡಾಕ್ಟರನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ ಮಾರಾಯರೇ. ಹೊರಗೆ ಬೆಂಚಿನ ಮೇಲೆ ಐವತ್ತು ಜನ ಕೂತಿರುವಾಗ ಅವರಾದರೂ ಎಷ್ಟು ಮಾತಾಡಿಯಾರು? ನನ್ನ ತಕರಾರು ಇಷ್ಟೇ: ವ್ಯಾಯಾಮ ಔಷಧಿ ಹೌದು ಅಂತಾದರೆ ಅದನ್ನೂ ಚೀಟಿಯಲ್ಲಿ ಬರೆಯಬೇಕು. ಗುಳಿಗಿ ಬರೆದ ಹಾಗೇ.

ಇನ್ನೊಂದು ತಕರಾರು ಆ "ತೂಕ ಇಳಸ್ರಿ" ಅನ್ನುವುದರ ಬಗ್ಗೆ. ಅಮೆರಿಕದಲ್ಲಿ 65 ದಾಟಿದ 107 ಸ್ಥೂಲಕಾಯದವರ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕೆಲವರಿಗೆ ಬರೀ ಪಥ್ಯ, ಕೆಲವರಿಗೆ ಬರೀ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಇಲ್ಲ. ಬರೀ ಪಥ್ಯ ಮಾಡಿದವರ ತೂಕ ಸುಮಾರು ನೂರಕ್ಕೆ 10ರಷ್ಟು ಇಳಿಯಿತು. ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿತು, ಸೊಂಟದ ಎಲುಬೂ ಸವೆಯಿತು. ಎರಡೂ ಮಾಡಿದವರಲ್ಲಿ ಈ ನಷ್ಟ ಕಡಿಮೆ. ಬರೀ ವ್ಯಾಯಾಮ ಮಾಡಿದವರ ತೂಕ ಇಳಿಯಲೇ ಇಲ್ಲ! ಆದರೂ ಏಳುವ, ನಡೆಯುವ, ಮೆಟ್ಟಿಲು ಹತ್ತುವ ಶಕ್ತಿಯನ್ನು ಅಳೆದು ನೋಡಿದರೆ ಅವರದ್ದು ನೂರಕ್ಕೆ 15ರಷ್ಟು ಸುಧಾರಿಸಿತ್ತು. ಎರಡೂ ಮಾಡಿದವರದ್ದು 21. (ಅಲ್ಲಿ ವಾರಕ್ಕೆ ಮೂರು ಸಲ, ಒಂದೂವರೆ ತಾಸು, ಪಕ್ಕದಲ್ಲಿ ನಿಂತು ಮಾಡಿಸುತ್ತಿದ್ದರು. ನಮಗೆಲ್ಲಿ ಬರಬೇಕು ಆ ಭಾಗ್ಯ.)

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮಲ್ಲಿ ಎರಡು ತಿಂಗಳು ನಡೆದು, ತೂಕದ ಮಶೀನು ಹತ್ತಿ, ಮುಳ್ಳು ಅಲ್ಲೇ ಇರುವುದನ್ನು ಕಂಡು "ಏನೂ ಉಪಯೋಗ ಇಲ್ಲ ಬಿಡ್ರಿ" ಅಂತ ಚಪ್ಪಲಿ ಮೂಲೆಗೆ ಹಾಕಿದವರು ಬಹಳ. ಅವರಿಗೆ ಯಾರಾದರೂ ಬೇರೆ ಅಳತೆ ಕೊಡಬೇಕಿತ್ತು. ಕೈ ಊರದೆ ಖುರ್ಚಿಯಿಂದ ಎಷ್ಟು ಸಲ ಏಳ್ತೀರಿ? ಮಿರಜ ಜಂಕ್ಷನ್ನಿನ ಮೆಟ್ಟಿಲನ್ನು ಎಷ್ಟು ಕಡೆ ನಿಂತು ಹತ್ತುತ್ತೀರಿ?

2017ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 160 ಜನ ಇದ್ದರು. ಪಥ್ಯದ ಜೊತೆ ನಡಿಗೆಯಂಥ ವ್ಯಾಯಾಮವನ್ನಷ್ಟೇ ಮಾಡಿದವರೂ, ಭಾರ ಎತ್ತುವುದನ್ನಷ್ಟೇ ಮಾಡಿದವರೂ ನೂರಕ್ಕೆ 14ರಷ್ಟು ಸುಧಾರಿಸಿದರು. ಎರಡೂ ಮಾಡಿದವರು 21ರಷ್ಟು. ಅಂದರೆ ವಾಕಿಂಗ್ ಅರ್ಧ ಔಷಧಿ. ಇನ್ನರ್ಧ ಶಕ್ತಿಯ ವ್ಯಾಯಾಮ, ಅದನ್ನು ನಮ್ಮಲ್ಲಿ ಯಾರೂ ಬಾಯಿಮಾತಿಗೂ ಹೇಳುವುದಿಲ್ಲ. ಗರಡಿಮನೆ, ಕುಸ್ತಿ ಅಂದರೆ ಜೀವ ಬಿಡುವ ಸೀಮೆ ನಮ್ಮದು. ಬಸ್ಕಿ ಹೊಡೆಯುವ ಹುಡುಗನಿಗೆ ಹಾಲು, ಬದಾಮಿ. ಅವನ ಅಜ್ಜಿ ಒಂದು ಕೊಡ ನೀರು ಎತ್ತಲು ಹೋದರೆ ಮಾತ್ರ ಸೊಸೆ ಓಡಿಬಂದು "ನೀವು ಕೂಡ್ರಿ ಅತ್ತಿ, ನಾ ಮಾಡ್ತೀನಿ" ಅಂತ ಕಸಿದುಕೊಳ್ಳುತ್ತಾಳೆ. ಪ್ರೀತಿ, ಮರ್ಯಾದೆ ಎಲ್ಲ ಸರಿಯೇ. ಆದರೆ ಹತ್ತು ವರ್ಷ ಹೀಗೇ ಕೂಡಿಸಿದರೆ ಆ ಅತ್ತಿಗೆ ನೆಲದಿಂದ ಏಳಲು ಇಬ್ಬರು ಬೇಕಾಗುತ್ತದೆ.

ಇನ್ನು ಎಲ್ಲಿ ನಡೆಯಬೇಕು? ಕಬ್ಬು ನುರಿಸುವ ಹಂಗಾಮಿನಲ್ಲಿ ಉಗಾರದ ರಸ್ತೆಗೆ ಬಂದು ನೋಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಕಬ್ಬು ಆಚೆ ಈಚೆ ಚಾಚಿಕೊಂಡು ಟ್ರ್ಯಾಕ್ಟರ್ ಬರುತ್ತಿರುತ್ತವೆ. ಬೆಳಗಿನ ಐದೂವರೆಯ ಕತ್ತಲಲ್ಲಿ ಅಲ್ಲಿ ನಡೆ ಅನ್ನುವುದು ಔಷಧಿಯಲ್ಲ, ಅಪಾಯ. ಹೆಂಗಸರಿಗಂತೂ ಸೀರೆ ಇರಲಿ, ಬುರ್ಖಾ ಇರಲಿ, ಹೆಜ್ಜೆಗೊಬ್ಬರು "ಎತ್ತಾಗ ಹೊಂಟೀರಿ ಆಯಿ? ಏನ ಕೆಲಸ ಐತಿ?" ಅನ್ನುವವರೇ. ಕೆಲಸವಿಲ್ಲದೆ ನಡೆಯುವ ರೂಢಿಯೇ ನಮ್ಮಲ್ಲಿಲ್ಲ. ಪಕ್ಕದ ಮಹಾರಾಷ್ಟ್ರವೂ ಸೇರಿ ನಾಲ್ಕು ಕಡೆ ನಡೆದ ಐಸಿಎಂಆರ್ ಸಮೀಕ್ಷೆಯ 2014ರ ವರದಿಯಲ್ಲೂ ಬಿಡುವಿನಲ್ಲಿ ವ್ಯಾಯಾಮ ಮಾಡುವವರು ನೂರಕ್ಕೆ ಹತ್ತು ಜನವೂ ಇರಲಿಲ್ಲ. ಹಾಗಾಗಿ ಚೀಟಿಯಲ್ಲಿ ಜಾಗವನ್ನೂ ಬರೆಯಬೇಕು: ಮಾಳಿಗೆ ಮೇಲೆ, ಹಿತ್ತಲಲ್ಲಿ, ಶಾಲೆ ಶುರುವಾಗುವ ಮುಂಚೆ ಅದರ ಮೈದಾನದಲ್ಲಿ.

"ದಿನವಿಡೀ ಹೊಲದಾಗ ದುಡಿಯೋರಿಗೆ ಎಂಥಾ ವ್ಯಾಯಾಮರೀ?" ಅಂತ ಕೇಳಬಹುದು. ನಿಜ. ಅದಕ್ಕೇ ಮೊದಲು ಕೇಳಿ, ಆಮೇಲೆ ಬರೆಯಬೇಕು. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಕಾಕಿಗೂ, ಅಂಗಡಿಯ ಗಲ್ಲೆ ಮೇಲೆ ಕೂತ ಕಾಕಾಗೂ ಒಂದೇ ಡೋಸು ಹೇಗಾಗುತ್ತದೆ?

ಗಲ್ಲೆ ಮೇಲಿನ ಕಾಕಾನಿಗೆ ಬರೆಯುವುದಾದರೆ ಹೀಗೆ ಬರೆಯಬಹುದು. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ, ವಾರಕ್ಕೆ 5 ದಿನ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು. ನಿಧಾನಕ್ಕೆ ಏರಿಸುತ್ತ ವಾರಕ್ಕೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಕನಿಷ್ಠ ಲೆಕ್ಕ ಅದೇ. ವಾರಕ್ಕೆ 2 ದಿನ ಖುರ್ಚಿಯಿಂದ ಎದ್ದು ಕೂರುವುದು 8 ಸಲ, ಸ್ವಲ್ಪ ನಿಂತು ಮತ್ತೆ 8 ಸಲ. 3 ದಿನ ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಎದೆ ಹಿಡಿದರೆ, ತಲೆ ತಿರುಗಿದರೆ ತಕ್ಷಣ ನಿಲ್ಲಿಸಿ ಬಂದು ತೋರಿಸುವುದು. ಇನ್ಸುಲಿನ್ ತಗೊಳ್ಳುವವರಾದರೆ ಕಿಸೆಯಲ್ಲಿ ಸಕ್ಕರೆ. ಶುಗರ್ ಇದ್ದವರು ಬರಿಗಾಲಲ್ಲಿ ನಡೆಯಬಾರದು. ಎರಡು ತಿಂಗಳಿಗೆ ಮತ್ತೆ ಬರುವುದು.

ನ್ಯೂಜಿಲೆಂಡಿನಲ್ಲಿ 1998ರಿಂದ 'ಗ್ರೀನ್ ಪ್ರಿಸ್ಕ್ರಿಪ್ಷನ್' ಅಂತ ಹೀಗೇ ಬರೆದುಕೊಟ್ಟು, ಆಮೇಲೆ ಫೋನು ಮಾಡಿ ವಿಚಾರಿಸುವ ಪದ್ಧತಿ ಇದೆ. ನಮ್ಮಲ್ಲಿ ಫೋನೂ ಬೇಡ, ಮನೆ ಬಾಗಿಲಿಗೆ ಬರುವ ಆಶಾ ಅಕ್ಕಂದಿರೇ ಇದ್ದಾರೆ. ಅವರಿಗೆ ಇನ್ನೊಂದು ಕೆಲಸ ಹೊರಿಸುವುದಾದರೆ ಅದಕ್ಕೂ ಸ್ವಲ್ಪ ದುಡ್ಡು ಕೊಡಬೇಕು, ಆ ಮಾತು ಬೇರೆ.

ನಿಮ್ಮ ಊರಲ್ಲಿ ಯಾವ ಡಾಕ್ಟರಾದರೂ ಹೀಗೆ ಕನ್ನಡದಲ್ಲಿ ಬರೆದುಕೊಟ್ಟಿದ್ದರೆ, ಹೆಸರು ಮುಚ್ಚಿ ಅದರ ಫೋಟೋ ನಿಮ್ಮ ಬ್ಲಾಗಿಗೆ ಹಾಕಿ. ಪ್ರಿಂಟು ತೆಗೆದು ನಮ್ಮೂರ ದವಾಖಾನಿಗೆ ಒಯ್ಯುವ ಜವಾಬ್ದಾರಿ ನಂದು :-)