ಹಿತ್ತಲ ಶೆಡ್ಡಿಗೂ ಒಬ್ಬ ಯಜಮಾನ ಬೇಕು



ಜಿ.ಎಸ್.ಟಿ., ಲೈಸೆನ್ಸು, ಗ್ಯಾಸಿನ ದರ, ಕೆಲಸದವರ ಕೊರತೆ ಇವುಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ತಿಳಿದವರು ಬರೆಯುತ್ತಾ ಬಂದಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನಾಗಪುರದ ರೈಲು ಹತ್ತಿದವನು. ದೊಡ್ಡ ವಿಷಯ ಬರೆಯಲಾರೆ. ಹೋಟೆಲಿನ ಹಿಂದೆ ತಗಡು ಹೊದಿಸಿದ ಒಂದು ಶೆಡ್ಡು ಇರುತ್ತದಲ್ಲ, ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಮುಂದಿನ ಹಾಲಿಗೆ ಗ್ರಾನೈಟ್ ಟೇಬಲ್, ಎ.ಸಿ., ಹೊಸ ಬೋರ್ಡು ಎಂದು ಲಕ್ಷಗಟ್ಟಲೆ ಸುರಿಯುತ್ತೇವೆ. ಹಿಂದಿನ ಶೆಡ್ಡಿಗೆ ಒಂದು ಬಲ್ಬು, ಒಂದು ಬೀಗ. ಆದರೆ ನಾವು ದುಡ್ಡು ಕೊಟ್ಟು ತಂದ ಮಾಲೆಲ್ಲ ಇರುವುದು ಅಲ್ಲಿಯೇ.

2023ರ ಸೆಪ್ಟೆಂಬರ್ 23ನ್ನು ನಾಗಪುರದವರು ಮರೆಯಲಾರರು. ಚೌತಿ ಕಳೆದು ನಾಲ್ಕನೇ ದಿನ, ಶನಿವಾರ. ರಾತ್ರಿ ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಅಂಬಾಝರಿ ಕೆರೆ ತುಂಬಿ ಹರಿಯಿತು, ನಾಗ್ ನದಿಯ ನೀರು ರಸ್ತೆಗೆ ಬಂತು. ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲು ತೆಗೆದಾಗ ಮೊಣಕಾಲಿನವರೆಗೆ ನೀರು. ಹಬ್ಬದ ಆರ್ಡರಿಗೆಂದು ಇತವಾರಿಯಿಂದ ತಂದ ಅಕ್ಕಿ 14 ಮೂಟೆ, ಉದ್ದಿನಬೇಳೆ 4 ಮೂಟೆ, ಸಕ್ಕರೆ 3 ಮೂಟೆ, ರವೆ, ಮೈದಾ ಎಲ್ಲವನ್ನೂ ನೆಲದ ಮೇಲೆಯೇ ಒಟ್ಟಿದ್ದೆವು. ಮೇಲಿನ ಸಾಲು ಉಳಿಯಿತೆಂದು ಸಮಾಧಾನಪಟ್ಟರೆ, ನಾಲ್ಕು ದಿನದಲ್ಲಿ ಅದೂ ಮುಗ್ಗಲು ಹಿಡಿಯಿತು.

ವಿಮೆ ಇತ್ತು. ಸರ್ವೇಗೆ ಬಂದವರು ಮೂರೇ ಪ್ರಶ್ನೆ ಕೇಳಿದರು: ಎಷ್ಟು ಮಾಲು ಇತ್ತು, ಯಾವತ್ತು ತಂದದ್ದು, ಬಿಲ್ಲು ಎಲ್ಲಿ? ಬಿಲ್ಲುಗಳು ಅದೇ ಶೆಡ್ಡಿನ ರಟ್ಟಿನ ಪೆಟ್ಟಿಗೆಯಲ್ಲಿ ನೆನೆದು ಮುದ್ದೆಯಾಗಿದ್ದವು. ಸ್ಟಾಕ್ ಪುಸ್ತಕವನ್ನು ನಾನು ಬರೆಸಿಯೇ ಇರಲಿಲ್ಲ. ಹಾನಿ ಎಪ್ಪತ್ತು ಸಾವಿರದ ಹತ್ತಿರ, ಕೈಗೆ ಬಂದದ್ದು ಅರ್ಧಕ್ಕಿಂತ ಕಡಿಮೆ. ಅವರನ್ನು ದೂರಿ ಫಲವಿಲ್ಲ. ನನ್ನ ಮಾಲು ಎಷ್ಟಿದೆಯೆಂದು ನನಗೇ ಗೊತ್ತಿಲ್ಲದಿದ್ದರೆ ಬೇರೆಯವರು ಹೇಗೆ ನಂಬಿಯಾರು?

ಶೆಡ್ಡು ಪೂರ್ತಿ ಖಾಲಿ ಮಾಡಿದ ದಿನ ಇನ್ನೂ ನಾಚಿಕೆಯಾಯಿತು. ಕೆಟ್ಟ ಎರಡು ಗ್ರೈಂಡರ್, ತುಕ್ಕು ಹಿಡಿದ ಕಾವಲಿ, ಹಳೇ ಬೋರ್ಡು, ಕಾಲು ಮುರಿದ ಕುರ್ಚಿಗಳು. ಮುಂದೆ ಬೇಕಾದೀತು ಎಂದು ಇಟ್ಟದ್ದೇ ಅರ್ಧ ಜಾಗ ತಿಂದಿತ್ತು. ಗುಜರಿಯವನು ಎರಡು ಗಾಡಿ ತುಂಬ ಒಯ್ದ. ಜಾಗ ಸಾಲದು, ಸಾಮಾನಿಗೆ ಪಕ್ಕದ ಖೋಲಿ ಬಾಡಿಗೆಗೆ ಹಿಡಿಯಬೇಕು ಎಂದು ವರ್ಷದಿಂದ ಹೇಳುತ್ತಿದ್ದವನೂ ನಾನೇ!

ಆಮೇಲೆ ಮಾಡಿದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಕಬ್ಬಿಣದ ಆಂಗಲ್ ರ‍್ಯಾಕು ಹಾಕಿಸಿದೆ. ಕೆಳಗಿನ ಹಲಗೆ ನೆಲದಿಂದ ಎರಡು ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಗಾಳಿಯಾಡುತ್ತದೆ, ಪೊರಕೆ ಹೋಗುತ್ತದೆ, ಇಲಿಗೆ ಅಡಗಲು ಮೂಲೆ ಸಿಗುವುದಿಲ್ಲ. ಭಾರದ ಮೂಟೆ ಕೆಳಗೆ, ಹಗುರದ ಪಾರ್ಸೆಲ್ ಡಬ್ಬಿ ಮೇಲೆ. ಫಿನಾಯಿಲ್, ಸೋಪಿನ ಪುಡಿಗೆ ಹೊರಗೆ ಬೇರೆ ಕಪಾಟು. ಮೂಟೆ ಬಂದ ಕೂಡಲೇ ಅದರ ಮೇಲೆ ತಾರೀಖು ಬರೆಯುತ್ತೇವೆ. ಮೊದಲು ಬಂದದ್ದು ಮೊದಲು ಖರ್ಚಾಗಬೇಕು. 2011ರ ಆಗಸ್ಟ್ 5ರಿಂದ ಜಾರಿಯಲ್ಲಿರುವ ಆಹಾರ ಸುರಕ್ಷತಾ ನಿಯಮಗಳೂ ಇದನ್ನೇ ಹೇಳುತ್ತವೆ.

ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ತಗಡಿನ ಕೆಳಗೆ ಕೊಬ್ಬರಿ, ಶೇಂಗಾ, ಎಣ್ಣೆ ಕಮಟುತ್ತವೆ. ಅದಕ್ಕೆ ತಗಡಿನ ಮೇಲೆ ಬಿಳಿ ಬಣ್ಣ ಬಳಿಸಿ, ಎದುರುಬದುರು ಎರಡು ಜಾಲಿ ಕಿಂಡಿ ಇಡಿಸಿದೆ. ಕೆಲವರು ಶೆಡ್ಡಿಗೆ ಕೂಲರ್ ಇಡುತ್ತಾರೆ, ಅದು ತಪ್ಪು. ಅದರ ಗಾಳಿಯ ತೇವಕ್ಕೆ ಸಕ್ಕರೆ ಗಂಟು ಕಟ್ಟುತ್ತದೆ, ರವೆಗೆ ಹುಳ ಬೀಳುತ್ತದೆ.

ಇಷ್ಟು ಹಣದ ಮಾತಾಯಿತು. ಇನ್ನು ಜೀವದ ಮಾತು. ನಮ್ಮಲ್ಲಿ ಹಲವರ ಶೆಡ್ಡಿನಲ್ಲಿ ಗ್ಯಾಸ್ ಸಿಲಿಂಡರೂ ಅಲ್ಲೇ, ಗೋಣಿಚೀಲವೂ ಅಲ್ಲೇ, ರಾತ್ರಿ ಹುಡುಗರ ಹಾಸಿಗೆಯೂ ಅಲ್ಲೇ. ನಾನೂ ಹೊಸತರಲ್ಲಿ ಅಕ್ಕಿ ಮೂಟೆಯ ಮೇಲೆ ಮಲಗಿದವನು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ, ಈಗ ಹೇಳುವುದಿಲ್ಲ. ಆ ಮಳೆಯ ರಾತ್ರಿ, ಶೆಡ್ಡಿನಲ್ಲಿ ಮಲಗುವ ನಮ್ಮ ಇಬ್ಬರು ಹುಡುಗರು ಗಣಪತಿ ನೋಡಲು ಹೋಗಿ ಗೆಳೆಯನ ರೂಮಿನಲ್ಲಿ ಉಳಿದಿದ್ದರು. ಇಲ್ಲದಿದ್ದರೆ ಅವರ ಮನೆಯವರಿಗೆ ನಾನು ಏನು ಉತ್ತರ ಕೊಡುತ್ತಿದ್ದೆ?

ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ, ಹುಡುಗರು ಮಲಗುವಲ್ಲೇ ಹರಡುತ್ತದೆ. ಲೈಸೆನ್ಸ್ ಇಲ್ಲದೆ ಒಟ್ಟು 100 ಕಿಲೋಗಿಂತ ಹೆಚ್ಚು ಗ್ಯಾಸು ಇಡುವಂತಿಲ್ಲ. 19 ಕಿಲೋದ ತುಂಬಿದ ಸಿಲಿಂಡರ್ ಐದಕ್ಕೆ 95 ಕಿಲೋ ಆಯಿತು, ಆರನೆಯದು ತಂದರೆ ಲೆಕ್ಕ ಮೀರಿತು. ಈಗ ನಮ್ಮ ಸಿಲಿಂಡರ್‌ಗಳಿಗೆ ಹೊರಗೆ ಗಾಳಿಯಾಡುವ ಜಾಲಿಯ ಗೂಡು ಇದೆ. ಸಾಮಾನಿಗೆಂದು ಹಿಡಿಯಬೇಕೆಂದಿದ್ದ ಆ ಪಕ್ಕದ ಖೋಲಿಯನ್ನು ಹುಡುಗರಿಗೆ ಹಿಡಿದೆ.

ಇತವಾರಿಯಲ್ಲಿ ಒಟ್ಟಿಗೆ ತಂದರೆ ಕಿಲೋಗೆ ಎರಡು ರೂಪಾಯಿ ಉಳಿಯುತ್ತದೆ, ಅದಕ್ಕೇ ತುಂಬಿಸಿಡುತ್ತೇವೆ ಎನ್ನುವವರಿದ್ದಾರೆ. ಲೆಕ್ಕ ಹಾಕಿ. 50 ಕಿಲೋದ ಹತ್ತು ಮೂಟೆಗೆ ಉಳಿದದ್ದು ಒಂದು ಸಾವಿರ. ಅದರಲ್ಲಿ ಒಂದು ಮೂಟೆ ಕೆಟ್ಟರೆ ಹೋದದ್ದು ಎರಡು ಸಾವಿರಕ್ಕೂ ಮೇಲೆ. ಇತವಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಎಂಟು ಹತ್ತು ದಿನಕ್ಕೆ ಬೇಕಾದಷ್ಟು ತಂದರೆ ಸಾಕು.

ನಮ್ಮ ಊರಿನ ಕ್ರಮವನ್ನು ನೆನಪು ಮಾಡಿಕೊಳ್ಳಿ. ಉಡುಪಿಯಲ್ಲಿ ಪರ್ಯಾಯಕ್ಕೆ ಮುಂಚೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತ ಮಾಡುತ್ತಾರೆ. ಕಟ್ಟಿಗೆಯನ್ನು ಸಹ ರಥದ ಆಕಾರದಲ್ಲಿ ಅಂದವಾಗಿ ಒಟ್ಟುತ್ತಾರೆ. ಊರಿನ ದೊಡ್ಡ ಊಟಗಳಲ್ಲಿ ಉಗ್ರಾಣದ ಬೀಗದಕೈ ಒಬ್ಬನ ಕೈಯಲ್ಲಿ. ಅಡಿಗೆ ಭಟ್ಟರೇ ಬಂದು ಕೇಳಿದರೂ ಅಳೆಯದೆ ಒಂದು ಸೇರು ಹೊರಗೆ ಬಾರದು. ನಾವು ಅಡಿಗೆಯನ್ನು ಇಲ್ಲಿಗೆ ತಂದೆವು, ಉಗ್ರಾಣದ ಶಿಸ್ತನ್ನು ಅಲ್ಲೇ ಬಿಟ್ಟು ಬಂದೆವು.

ಮೃಗಶಿರ ಮಳೆ ಹಿಡಿಯುವ ಮೊದಲು, ಜೂನ್ ಮೊದಲ ವಾರದೊಳಗೆ, ಪ್ರತಿಯೊಬ್ಬರೂ ಒಂದು ದಿನ ಶೆಡ್ಡು ಖಾಲಿ ಮಾಡಿ, ತೊಳೆದು, ಲೆಕ್ಕ ಬರೆದು ಮತ್ತೆ ತುಂಬಿಸೋಣ. ಕೆಲಸದವರಿಗೆ ಹೇಳಿ ಗಲ್ಲಾದಲ್ಲಿ ಕೂರಬೇಡಿ, ನೀವೇ ಒಳಗೆ ಹೋಗಿ ನಿಲ್ಲಿ. ಒಬ್ಬರ ಶೆಡ್ಡನ್ನು ಇನ್ನೊಬ್ಬರು ನೋಡಿ ತಪ್ಪು ಹೇಳುವ ಏರ್ಪಾಡನ್ನು ಸಂಘ ಮಾಡಿದರೆ ಒಳ್ಳೆಯದು. ಮೊದಲು ನನ್ನದಕ್ಕೇ ಬನ್ನಿ. ಕಾಫಿ ಕೊಡುತ್ತೇನೆ, ಬೈದರೂ ಕೇಳುತ್ತೇನೆ.